ಹಳದಿ ಚುಕ್ಕಿ

ಮತ್ತೆ ಇಪ್ಪತ್ತೈದು.

ಗಾಜಿನ ಈಚೆ ಕುಳಿತಿದ್ದ ಇನ್ಸಾಫ್ ಹಲ್ಲು ಕಚ್ಚಿದಳು. ಗಾಜಿನ ಆಚೆ ಮಂಚದ ಮೇಲೆ ರಬ್ಬರಿನ ಮಗು, ಪಕ್ಕದಲ್ಲಿ ಔಷಧಿ ಹನಿಸುವ ಯಂತ್ರ, ಅದರ ಮುಂದೆ ಆಸ್ಪತ್ರೆಯ ಹಿರಿಯ ಪುರುಷ ನರ್ಸ್ ಶಾದ್ಲಿ. ಚೀಟಿಯಲ್ಲಿ ಇದ್ದದ್ದು ಎರಡೂವರೆ. ಎರಡು, ಚುಕ್ಕಿ, ಐದು. ಶಾದ್ಲಿ ಎರಡು ಒತ್ತಿದರು, ಚುಕ್ಕಿ ತಟ್ಟಿದರು, ಐದು ಒತ್ತಿದರು. ತಟ್ಟಿದ ಚುಕ್ಕಿಯನ್ನು ಯಂತ್ರ ಗಣನೆಗೇ ತೆಗೆದುಕೊಳ್ಳಲಿಲ್ಲ. ರಬ್ಬರಿನ ಮಗುವಿಗೆ ಹತ್ತು ಪಟ್ಟು ಔಷಧಿ ಹೋಯಿತು. ಇದು ಮೂರನೆಯ ಸಲ. ಜೀವ ಇರುವ ಮಗುವಾಗಿದ್ದರೆ ಮೊದಲನೆಯ ಸಲಕ್ಕೇ ಮುಗಿದಿತ್ತು.

"ಒತ್ತಿ ಹಿಡಿಯಪ್ಪಾ, ಒತ್ತಿ ಹಿಡಿ" ಎಂದು ಅವಳು ಗೊಣಗಿದಳು.

"ಬಾಯಿ ಮುಚ್ಕೊಂಡಿರು" ಎಂದ ಪಕ್ಕದಲ್ಲಿ ಗಡಿಯಾರ ಹಿಡಿದಿದ್ದ ಸಹೋದ್ಯೋಗಿ ಹಾತೆಮ್. "ಹೇಳಿಕೊಡಬಾರದು ಅಂತ ನಿಯಮ ಮಾಡಿದೋಳು ನೀನೇ."

ಚುಕ್ಕಿಯನ್ನು ಹಾಗೆ ಮಾಡಿದವಳೂ ಅವಳೇ. ಒರೆಸುವಾಗ ಬಟ್ಟೆ ತಾಗಿ ಚುಕ್ಕಿ ಬೀಳಬಾರದೆಂದು, ಎರಡು ಕ್ಷಣ ಒತ್ತಿ ಹಿಡಿದರೆ ಮಾತ್ರ ಬೀಳುವಂತೆ ಇಟ್ಟಿದ್ದಳು. ಈ ಯಂತ್ರ ಅವಳ ಎರಡು ವರ್ಷದ ದುಡಿಮೆ.

ಹದಿನೈದು ದಿನದ ಹಿಂದೆ ಪರೀಕ್ಷೆಗೆ ಮೊದಲನೆಯವಳಾಗಿ ಬಂದ ನರ್ಸ್ ಹುಡುಗಿಯೂ ಹೀಗೇ ತಪ್ಪಿದ್ದಳು. ಕೆಲಸ ಹೋಯಿತೆಂದು ಅಳುತ್ತ ಹೊರಗೆ ಓಡಿ, ಚಹಾ ಕೊಡುವ ಮಬ್ರೂಕಾಳ ಹೆಗಲಿಗೆ ಬಿದ್ದಿದ್ದಳು. ಆ ಮಧ್ಯಾಹ್ನವೇ ಇನ್ಸಾಫ್ ಬೂದು ಚುಕ್ಕಿಯನ್ನು ದೊಡ್ಡದು ಮಾಡಿ ಹಳದಿ ಬಣ್ಣ ಕೊಟ್ಟಳು. ಅಷ್ಟೇ. ಆಮೇಲೆ ಬಂದ ಹತ್ತು ಜನರಲ್ಲಿ ಒಬ್ಬರೂ ತಪ್ಪಲಿಲ್ಲ. ಪುದೀನ ಚಹಾದ ವಾಸನೆ ಹೊತ್ತು ನಿರಾಳವಾಗಿ ಒಳಗೆ ಬರುತ್ತಿದ್ದರು. ಎರಡು ಒತ್ತಿ, ಹಳದಿಯ ಮೇಲೆ ಬೆರಳಿಟ್ಟು, ತುಟಿಯಲ್ಲೇ ಬಿಸ್ಮಿಲ್ಲಾ ಹೇಳಿಕೊಂಡು, ಐದು ಒತ್ತಿ ಹೋಗುತ್ತಿದ್ದರು.

"ನಮ್ಮ ಸ್ಫಾಕ್ಸ್ ಊರಿನ ಜನ ರೊಟ್ಟಿ ಮುರಿಯೋಕೂ ದೇವರ ಹೆಸರು ಹೇಳ್ತಾರೆ, ಮಗೂಗೆ ಔಷಧಿ ಹಾಕುವಾಗ ಬಿಡ್ತಾರಾ?" ಎಂದು ಹಾತೆಮ್ ನಕ್ಕಿದ್ದ. ಇನ್ಸಾಫ್ ಕೂಡ ನಕ್ಕು, ಬಣ್ಣ ಗೆದ್ದಿತು ಎಂದು ಬರೆದುಕೊಂಡಿದ್ದಳು.

ಇವತ್ತು ಈ ಮನುಷ್ಯ. ಹನ್ನೆರಡನೆಯವರು, ಕೊನೆಯವರು. ಮಹ್ರೆಸ್ ಊರಿನಿಂದ ಬರುವ ಬಾಡಿಗೆ ಕಾರು ದಾರಿಯಲ್ಲಿ ಕೆಟ್ಟು, ಒಂದು ಗಂಟೆ ತಡವಾಗಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಿದ್ದರು. ಮಬ್ರೂಕಾ ಲೋಟ ಹಿಡಿದು ಅಡ್ಡ ನಿಂತಿದ್ದಳು. ನೆಲ, ಬಾಗಿಲು, ಯಂತ್ರ ಎಲ್ಲವನ್ನೂ ದಿನಾ ಬೆಳಿಗ್ಗೆ ಒರೆಸುವವಳೂ ಅವಳೇ.

"ಬೆವರು ಸುರೀತಿದೆ ನೋಡು ಮಗಳೇ. ಕೂತು ಒಂದು ಲೋಟ ಚಹಾ ಕುಡಿದು ಬರಲಿ."

"ಟೈಮಿಲ್ಲ ಚಿಕ್ಕಮ್ಮ!" ಎಂದು ಇನ್ಸಾಫ್ ಶಾದ್ಲಿಯ ತೋಳು ಹಿಡಿದೇ ಒಳಗೆ ಕರೆದೊಯ್ದಿದ್ದಳು. ಹೊಸ್ತಿಲಲ್ಲಿ ಶಾದ್ಲಿ ಬಿಸ್ಮಿಲ್ಲಾ ಅಂದರು. ಯಂತ್ರದ ಮುಂದೆ ತುಟಿ ಬಿಚ್ಚಲಿಲ್ಲ.

ಈಗ ಅವಳು ಬಾಗಿಲು ತೆರೆದು ಹೇಳಿದಳು: "ಸಾಕು ಶಾದ್ಲಿಯವರೇ. ಬೇಜಾರು ಮಾಡ್ಕೋಬೇಡಿ. ಪರೀಕ್ಷೆ ಯಂತ್ರಕ್ಕೆ, ನಿಮಗಲ್ಲ."

"ಹಾಗಂತೀರಿ. ತಪ್ಪಾದ್ರೆ ಮನೆಗೆ ಕಳಿಸೋದು ಯಂತ್ರಾನ, ನನ್ನನ್ನ?" ಅವರು ಟೋಪಿ ಕೈಗೆತ್ತಿಕೊಂಡರು. "ಮೂವತ್ತೊಂದು ವರ್ಷ ಆಯ್ತು ತಾಯಿ. ಒಂದು ಮಗೂಗೂ ಹೆಚ್ಚುಕಮ್ಮಿ ಮಾಡಿಲ್ಲ. ಚುಕ್ಕಿ ಒತ್ತಿದ್ನಲ್ಲ ನಾನು? ನೀವೂ ನೋಡಿದ್ರಲ್ಲ?"

ಒತ್ತಿದ್ದನ್ನು ನೋಡಿದ್ದಳು. ಶಾದ್ಲಿ ಮೆಟ್ಟಿಲಿಳಿದು ಹೋದರು.

"ಮೂರು ಗಂಟೆಗೆ ಪರೀಕ್ಷೆಯ ಕಾಗದ ತಗೊಂಡು ಹೋಗೋಕೆ ಆಸ್ಪತ್ರೆಯವರು ಬರ್ತಾರೆ" ಎಂದ ಹಾತೆಮ್. "ಸೋಮವಾರ ನಲವತ್ತು ಯಂತ್ರ ಮಕ್ಕಳ ವಾರ್ಡಿಗೆ ಹೋಗ್ಬೇಕು. ಇವರೊಬ್ಬರನ್ನ ಏನ್ಮಾಡೋಣ?"

ಇನ್ಸಾಫ್ ಹಣೆ ಒತ್ತಿಕೊಂಡಳು. ಹತ್ತು ಜನಕ್ಕೆ ಕಂಡದ್ದು ಈ ಒಬ್ಬರಿಗೆ ಯಾಕೆ ಕಾಣಲಿಲ್ಲ? ಇನ್ನೆಷ್ಟು ದೊಡ್ಡದು ಮಾಡಬೇಕಿತ್ತು ಆ ಚುಕ್ಕಿಯನ್ನು, ತಟ್ಟೆಯಷ್ಟಾ? ಸಿಟ್ಟಿನಲ್ಲಿ ಬರೆದಳು: 'ವಯಸ್ಸಾಗಿದೆ. ಗಮನ ಸಾಲದು. ಗಣನೆಗೆ ಬೇಡ.' ಕೆಳಗೆ, 'ಬಣ್ಣ ಬದಲಿಸಿದ ಮೇಲೆ ಚುಕ್ಕಿಯಲ್ಲಿ ಯಾವ ತೊಂದರೆಯೂ ಇಲ್ಲ.' ಅದರ ಕೆಳಗೆ ಸಹಿ.

ಮಬ್ರೂಕಾ ತಣ್ಣಗಾದ ಲೋಟವನ್ನು ಹಾಗೇ ಹಿಡಿದುಕೊಂಡು ಒಳಗೆ ಬಂದಳು.

"ಆ ಯಜಮಾನ್ರು ತಲೆ ತಗ್ಗಿಸ್ಕೊಂಡು ಹೋದ್ರಲ್ಲ. ತಪ್ಪಿದ್ರಾ?"

"ತಪ್ಪಿದ್ರು ಚಿಕ್ಕಮ್ಮ. ಬಣ್ಣ ಹಾಕಿದ ಮೇಲೆ ತಪ್ಪಿದೋರು ಅವರೊಬ್ಬರೇ."

"ಅಯ್ಯೋ, ಕುಡಿಯೋಕೆ ನೀನು ಬಿಟ್ಟಿದ್ರೆ ತಾನೇ" ಎಂದು ಮಬ್ರೂಕಾ ಲೋಟವನ್ನು ಆ ಸಹಿಯ ಪಕ್ಕದಲ್ಲಿ ಇಟ್ಟಳು. "ದಿನಾ ಒರೆಸೋವಾಗ ನೋಡ್ತೀನಲ್ಲ, ಒತ್ತಿ ಹಿಡಿದ್ರೇ ಆ ಚುಕ್ಕಿ ಬೀಳೋದು. ಆ ಹತ್ತು ಜನಕ್ಕೂ ಚಹಾ ಕೊಡುವಾಗಲೇ ಕಿವೀಲಿ ಹೇಳಿ ಕಳಿಸ್ತಿದ್ದೆ, ಬಿಸ್ಮಿಲ್ಲಾ ಪೂರ್ತಿ ಹೇಳಿ ಮುಗಿಯೋ ತನಕ ಚುಕ್ಕಿಯಿಂದ ಬೆರಳು ಎತ್ತಬೇಡಿ ಅಂತ."