ಪಕ್ಕದ ಜಾಗ

"ಇವಳು ಯಾಕೆ ಬೆಂಚು ಬದಲಾಯಿಸಿದಳು, ನಿಮಗೇನಾದ್ರೂ ಗೊತ್ತಾ?" ಪೋಷಕರ ಸಭೆಯಲ್ಲಿ ಪಕ್ಕ ನಿಂತಿದ್ದ ಮಗಳನ್ನು ತೋರಿಸಿ ಟೀಚರ್ ಕೇಳಿದಾಗ, ಹೊಲಿಗೆ ಅಂಗಡಿಯಿಂದ ಓಡೋಡಿ ಬಂದಿದ್ದ ತಾಯಿ ಕೊರಳಲ್ಲೇ ಉಳಿದಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದಳು.

"ಆ ತೊದಲೋ ಹುಡುಗಿ ಇವಳ ಪಕ್ಕ ಕೂತಾಗ ಮಾತ್ರ ಬಾಯಿ ಬಿಡ್ತಿದ್ಳು. ಪಾಠ ಕೂಡ ಗಟ್ಟಿಯಾಗಿ ಓದೋಕೆ ಶುರು ಮಾಡಿದ್ಳು. ಇವಳು ಎದ್ದುಹೋದ ಮೇಲೆ ಒಂದು ಮಾತೂ ಆಡಲಿಲ್ಲ. ಹೋದ ವಾರ ಅವರಪ್ಪ ಶಾಲೇನೇ ಬಿಡಿಸಿಬಿಟ್ರು," ಎಂದರು ಟೀಚರ್.

ತಾಯಿ ಟೇಪು ಸುತ್ತುವುದನ್ನು ನಿಲ್ಲಿಸಿದಳು. 'ಅವಳ ಪಕ್ಕ ಕೂತರೆ ನಿನ್ನ ನಾಲಿಗೆಯೂ ತೊದಲುತ್ತೆ, ಜಾಗ ಬದಲಾಯಿಸು' ಎಂದು ಮಗಳನ್ನು ಗದರಿಸಿದ್ದು ತಾನೇ. ಹೇಳಿಬಿಡೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಅಮ್ಮನ ಮುಖ ನೋಡಿ ತಲೆ ತಗ್ಗಿಸಿದಳು.

"ನಂದೇ ತಪ್ಪು ಮಿಸ್. ಅವಳ ಜೊತೆ ಕೂರೋಕೆ ನಂಗೇ ಇಷ್ಟ ಇರಲಿಲ್ಲ."

ಟೀಚರ್ ನಿಟ್ಟುಸಿರು ಬಿಟ್ಟು ಅದನ್ನೇ ಬರೆದುಕೊಂಡರು. ತೆರೆದ ಬಾಯನ್ನು ತಾಯಿ ಹಾಗೇ ಮುಚ್ಚಿಕೊಂಡಳು.