ಎಡಕ್ಕೆ ಕೆಂಪು ಕೋಟೆ

"ಇದೇನ್ರೀ ಇದು?" ಶ್ರೀನಿವಾಸಮೂರ್ತಿ ದೋಣಿಯೊಳಗೆ ಬಗ್ಗಿ ನೋಡಿ ಕೇಳಿದರು.

"ರೆಡ್ ಪೋರ್ಟು ಸಾರ್," ಎಂದ ಪೇಂಟರ್ ಉಜ್ಜನಪ್ಪ. "ಬುರುಜು, ಬಾಗಿಲು, ಮೇಲೊಂದು ಬಾವುಟ. ಈ ಕಡೆ ಗ್ರೀನ್ ಸ್ಟಾರ್ ಬೋರ್ಡು. ನೀವು ಫೋನಲ್ಲಿ ಹೇಳಿದ ಹಾಗೇ."

ನವುಲೆಯ ಕೆರೆದಂಡೆಯಲ್ಲಿ ಹತ್ತು ಹೊಸ ದೋಣಿಗಳು ಸಾಲಾಗಿ ಕೂತಿದ್ದವು. ಮೊದಲನೆಯದರ ಒಳಮೈಯ ಎಡಕ್ಕೆ ದೆಹಲಿಯ ಕೆಂಪು ಕೋಟೆ ಎದ್ದು ನಿಂತಿತ್ತು. ಬಲಕ್ಕೆ, ನಾಲ್ಕು ಮೂಲೆಗೂ ಮೊಳೆ ಹೊಡೆದಂತೆ ಬರೆದ ಹಲಗೆಯ ನಡುವೆ ದೊಡ್ಡದೊಂದು ಹಸಿರು ನಕ್ಷತ್ರ. ನೌಕಾಪಡೆಯಲ್ಲಿ ಮೂವತ್ತು ವರ್ಷ ಕಳೆದು ಬಂದು, ಈಗ ಇಲ್ಲಿ ಮಹಿಳಾ ಸಂಘದ ಆರು ಜನಕ್ಕೆ ದೋಣಿ ನಡೆಸಲು ಕಲಿಸುತ್ತಿದ್ದ ಮೂರ್ತಿಗಳು ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಪೋರ್ಟ್ ಅಂದ್ರೆ ದೋಣಿಯ ಎಡಭಾಗ ಕಣ್ರೀ. ಸ್ಟಾರ್‌ಬೋರ್ಡ್ ಅಂದ್ರೆ ಬಲಭಾಗ. ಒಂದು ಕೆಂಪಲ್ಲಿ, ಒಂದು ಹಸಿರಲ್ಲಿ ಬರೀರಿ ಅಂದೆ. ಕೋಟೆ ಯಾರು ಕೇಳಿದ್ರು?"

"ಬರೀರಿ ಅಂದ್ರಿ, ಬರ್ದೆ. ಚಿತ್ರ ಬರೀಬೇಕೋ ಅಕ್ಷರ ಬರೀಬೇಕೋ ಅಂತ ಕೇಳೋದ್ರೊಳಗೆ ಫೋನ್ ಇಟ್ಬಿಟ್ರಿ. ಆಗಸ್ಟ್ ಹದಿನೈದಕ್ಕೆ ದೋಣಿವಿಹಾರದ ಉದ್ಘಾಟನೆ ಅಂದಿದ್ರಲ್ಲ, ಸರಿ, ಅದಕ್ಕೇ ಕೋಟೆ ಅಂದ್ಕೊಂಡೆ. ಅಲ್ಲಾ ಸಾರ್, ಎಡಕ್ಕೆ ಎಡ ಅಂದ್ರೆ ಆಗಲ್ವಾ?"

"ಆಗಲ್ಲ. ಹುಟ್ಟು ಹಾಕೋರು ಹಿಂದಕ್ಕೆ ಮುಖ ಮಾಡಿ ಕೂರ್ತಾರೆ. ಅವರ ಎಡ ದೋಣಿಗೆ ಬಲ. ಅದಕ್ಕೇ ಇಡೀ ಲೋಕ ಪೋರ್ಟ್ ಅನ್ನತ್ತೆ. ಅಳಿಸ್ರಿ."

ಉಜ್ಜನಪ್ಪ ಚೀಲದಲ್ಲಿ ಟರ್ಪೆಂಟೈನಿನ ಡಬ್ಬಿ ಹುಡುಕತೊಡಗಿದ. ಈ ಒಂದು ದೋಣಿ ಮಾದರಿಗೆ ಕೊಟ್ಟದ್ದು. ಒಪ್ಪಿದರೆ ಉಳಿದ ಒಂಬತ್ತೂ ಅವನವೇ. ಇಲ್ಲದಿದ್ದರೆ ಸೋಮವಾರದಿಂದ ಮಾಚೇನಹಳ್ಳಿಯ ಕಾರ್ಖಾನೆಯ ಗೇಟು ಕಾಯುವುದು. ಸವಳಂಗ ರಸ್ತೆಯ ಅರ್ಧ ಅಂಗಡಿಗಳ ಹೆಸರು ಬರೆದ ಕೈ ಅದು. ಫ್ಲೆಕ್ಸ್ ಬಂದ ಮೇಲೆ ಅವನ ಬ್ರಷ್ಷಿಗೆ ದಿನವೂ ಏಕಾದಶಿ. ಪ್ರೀತಿಯಿಂದ ಅಕ್ಷರಾ ಎಂದು ಹೆಸರಿಟ್ಟ ಮಗಳೇ ಆ ಕಾರ್ಖಾನೆಯ ಆಫೀಸಿನಲ್ಲಿದ್ದಳು. ಸಾಹೇಬರ ಕೈಕಾಲು ಹಿಡಿದು ಅಪ್ಪನಿಗೆ ಸೆಕ್ಯುರಿಟಿ ಕೆಲಸ ಗೊತ್ತು ಮಾಡಿದ್ದಳು. "ಇದೊಂದು ಆರ್ಡರ್ ನೋಡ್ತೀನಿ ಪುಟ್ಟಾ. ಆಗ್ಲಿಲ್ಲ ಅಂದ್ರೆ ಸೀಟಿ ಊದೋಕೆ ಬರ್ತೀನಿ," ಎಂದು ಬೆಳಿಗ್ಗೆಯಷ್ಟೇ ಮಾತು ಕೊಟ್ಟು ಬಂದಿದ್ದ.

ಅವನು ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದುವ ಹೊತ್ತಿಗೆ ಸೀರೆಯ ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡು ಮಹಾಂತಮ್ಮ ಬಂದಳು, ಹಿಂದೆ ಸಂಘದ ಉಳಿದವರು.

"ಅಯ್ಯೋ ಉಜ್ಜನಪ್ಪಣ್ಣ, ಇಷ್ಟು ಚೆಂದದ ಕೋಟೆ! ಬಟ್ಟೆ ಯಾಕೆ ಹಿಡ್ಕೊಂಡಿದೀಯ?"

"ನಿಮ್ಮ ಸಾರಿಗೆ ಕೋಟೆ ಆಗಿಬರಲ್ಲಂತೆ ಮಾರಾಯ್ತಿ."

ಮೂರ್ತಿಗಳು ಗಡಿಯಾರ ನೋಡಿದರು. "ಮೊದ್ಲು ಕ್ಲಾಸು. ವಾಪಸ್ ಬಂದ್ಮೇಲೆ ಅಳಿಸ್ಲಿ. ಹತ್ತಿ."

ಮೂರು ದಿನದಿಂದ ಅವರು ಪೋರ್ಟ್ ಎಂದರೆ ಇಬ್ಬರು ಆ ಕಡೆ ನೋಡುತ್ತಿದ್ದರು, ಮೂವರು ಈ ಕಡೆ ನೋಡುತ್ತಿದ್ದರು, ಮಹಾಂತಮ್ಮ ಸಾರ್ ಮುಖ ನೋಡುತ್ತಿದ್ದಳು. ಇವತ್ತೂ ಅದೇ ಕತೆ. ಅವಳೂ ಜೊತೆಯಾಕೆಯೂ ಹುಟ್ಟು ಹಿಡಿದರು, ಮೂರ್ತಿಗಳು ಎದುರಿಗೆ ಕೂತರು. ದೋಣಿ ದಂಡೆ ಬಿಟ್ಟು ಹತ್ತು ಮಾರು ಹೋಗಿರಲಿಲ್ಲ, ತೂಬಿನ ಕಲ್ಲುಕಂಬದತ್ತ ಮೂತಿ ತಿರುಗಿಸಿತು.

"ಪೋರ್ಟ್!" ಎಂದರು ಮೂರ್ತಿಗಳು.

ದೋಣಿ ಕಂಬದತ್ತಲೇ ನಡೆಯಿತು.

"ಪೋರ್ಟ್ ಅಂದೆ! ಪೋರ್ಟ್!"

"ಯಾವ್ ಕಡೆ ಸಾರ್? ಬೇಗ ಹೇಳಿ, ಕಂಬ ಬಂತು!"

"ಅಯ್ಯಯ್ಯೋ, ಕೋಟೆ! ಕೋಟೆ ಕಡೆಗಮ್ಮಾ!"

ಇಬ್ಬರ ಕಣ್ಣೂ ಒಟ್ಟಿಗೇ ಕೆಂಪು ಬುರುಜಿನ ಮೇಲೆ ಬಿತ್ತು. ದೋಣಿ ಕಂಬವನ್ನು ಗೇಣಿನಷ್ಟು ದೂರ ಬಿಟ್ಟು ನುಣುಚಿಕೊಂಡಿತು. "ಈಗ ನಕ್ಷತ್ರ!" ಎಂದರು ಮೂರ್ತಿಗಳು, ಇನ್ನೂ ಏದುಸಿರಿನಲ್ಲಿ. ಸಾಕಿದ ಎತ್ತಿನ ಹಾಗೆ ದೋಣಿ ಆ ಕಡೆ ತಿರುಗಿತು. ಮಹಾಂತಮ್ಮ ನಕ್ಕಳು. ಆಮೇಲೆ ಅರ್ಧ ಗಂಟೆ ಕೆರೆಯ ಮೇಲಿಂದ ನೌಕಾಪಡೆಯ ಗಂಟಲಿನಲ್ಲಿ ಕೋಟೆ, ನಕ್ಷತ್ರ, ಕೋಟೆ, ಕೋಟೆ ಎಂಬ ಕೂಗು ಕೇಳಿಬರುತ್ತಲೇ ಇತ್ತು. ದಂಡೆಯಲ್ಲಿ ನಿಂತ ಉಜ್ಜನಪ್ಪನ ಕೈಯಲ್ಲಿ ಟರ್ಪೆಂಟೈನ್ ಬಟ್ಟೆ ಒಣಗಿ ಹೋಯಿತು.

ದೋಣಿ ದಂಡೆಗೆ ತಾಗಿದಾಗ ಅವನು ಮೆಲ್ಲಗೆ ಕೇಳಿದ: "ಅಳಿಸ್ಲಾ ಸಾರ್?"

ಮೂರ್ತಿಗಳು ಅವನ ಮುಖ ನೋಡದೆ ಪ್ಯಾಂಟಿನ ನೀರು ಕೊಡವಿಕೊಂಡರು. "ಉಳಿದ ಒಂಬತ್ತಕ್ಕೆ ಎಷ್ಟು ದಿನ ಬೇಕು?"

"ಅಕ್ಷರಕ್ಕಾ, ಕೋಟೆಗಾ?"

"ಕೋಟೆ ಕಣ್ರೀ, ಕೋಟೆ!" ಎಂದು ಗದರಿ, ಕಾಲಿಗೆ ಅಡ್ಡ ಬಿದ್ದಿದ್ದ ಕಬ್ಬಿಣದ ಲಂಗರನ್ನು ದಾಟಿ ಹೊರಟವರು ತಿರುಗಿ ನಿಂತರು. "ಹಾಂ, ಎಲ್ಲಾ ದೋಣಿಯ ಮೂತಿಗೂ ಒಂದೊಂದು ಆಂಕರ್ ಬರೀರಿ. ಅಕ್ಷರ ಬೇಡ. ಚಿತ್ರಾನೇ, ದೊಡ್ಡದಾಗಿ."

ಉಜ್ಜನಪ್ಪ ತಲೆಯಾಡಿಸಿದ. ಮೂರ್ತಿಗಳು ಕಣ್ಮರೆಯಾಗುವವರೆಗೆ ಕಾದು ಮಗಳಿಗೆ ಫೋನ್ ಮಾಡಿದ.

"ಪುಟ್ಟಾ, ಅಪ್ಪ ಸೋಮವಾರ ಬರಲ್ಲ ಅಂತ ನಿಮ್ಮ ಸಾಹೇಬ್ರಿಗೆ ಹೇಳ್ಬಿಡು. ಹೂಂ, ಹತ್ತೂ ನಂದೇ! ಹಾಗೇ ಇನ್ನೊಂದು ಕೆಲಸ. ಟಿವಿಲಿ ನ್ಯೂಸ್ ಓದೋ ಆಂಕರ್‌ಗಳಿರ್ತಾರಲ್ಲ, ಅದ್ರಲ್ಲಿ ಲಕ್ಷಣವಾಗಿರೋ ಹತ್ತು ಜನದ್ದು ಫೋಟೋ ಕಳ್ಸು."