ಗೇಟಿನ ಪಕ್ಕದ ಪೈನ್

“ಪೈನ್‌ಗೆ ಕಸಾ ಇಲ್ಲ, ಕಾಯಿ ಇಲ್ಲ, ಕಾಟ ಇಲ್ಲ,” ಎಂದ ಸಿದ್ಧರಾಮ. ಇಂಡಿ ಊರಿನ ನರ್ಸರಿಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಎರಡು ಗಿಡಗಳ ನಡುವೆ ನಿಂತಿದ್ದ. ಒಂದು ಕಡೆ ಕುಂಡದಲ್ಲಿ ನೆಟ್ಟಗೆ ನಿಂತ ಪೈನ್, ಇನ್ನೊಂದು ಕಡೆ ಕಪ್ಪು ಚೀಲದಲ್ಲಿ ಮೊಣಕಾಲೆತ್ತರದ ನಿಂಬೆ ಸಸಿ. ಹೆಂಡತಿ ಸುಮಂಗಲಾ ಹೋಗಿ ನಿಂಬೆಯ ಪಕ್ಕ ನಿಂತಿದ್ದಳು, ಅಷ್ಟೆ.

“ಅವರನ್ನೂ ಒಂದ ಮಾತ ಕೇಳ್ರಿ ಸಾಹೇಬ್ರ,” ಎಂದಳು ನರ್ಸರಿಯ ಸೈದಾಬಿ, ನೀರಿನ ಪೈಪನ್ನು ಕೆಳಗಿಡುತ್ತ. “ದಿನಾ ಗಿಡದ ಮಾರಿ ನೋಡೋರು ಅವರು.”

“ಆಕಿ ತವರಮನಿ ಮುದ್ದೇಬಿಹಾಳದಾಗ ಲಿಂಬಿಗಿಡ ಐತ್ರಿ, ಅದಕ್ಕ ಅದರ ಮ್ಯಾಲ ಜೀವ. ಅಳಿಯಾ ಅಂತ ಹೋದ್ರ ನನಗಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಾಕ ಆಗೂದಿಲ್ಲ. ಪಿತ್ತ ಆಗೇತಿ, ಒಂದ ಕಾಯಿ ಕೊಡ್ರಿ ಅಂತ ಒಬ್ಬಾಕಿ. ಮಜ್ಜಿಗಿಗೆ ಎರಡ ಎಲಿ ಅಂತ ಇನ್ನೊಬ್ಬಾಕಿ. ಮತ್ತೊಬ್ಬಾಕಿ ಬಂದು, ಏನ ಕೇಳಾಕ ಬಂದಿದ್ದೆ ಅನ್ನೂದ ಮರ್ತು, ಸಂಜೀತನಕ ಕುಂತಬಿಟ್ಲು ನೋಡ್ರಿ!”

ಸೈದಾಬಿ ನಕ್ಕಳು. ಸುಮಂಗಲಾ ನಗಲಿಲ್ಲ. ಗಂಡ ಕಾಟ ಎಂದು ಹೇಳುತ್ತಿದ್ದ ಒಂದೊಂದನ್ನೂ ಅವಳು ಹಬ್ಬದ ಅಡುಗೆಯ ಹೆಸರು ಕೇಳಿದಂತೆ ಕೇಳುತ್ತಿದ್ದಳು. ಅವನು ಆಲಮಟ್ಟಿಯ ಕಾಲುವೆ ಆಫೀಸಿಗೆ ಸೋಮವಾರ ಹೋದರೆ ಬರುವುದು ಶನಿವಾರ. ಅವರ ಮನೆಯಿದ್ದ, ಊರ ಹೊರಗಿನ ಹೊಸ ಪ್ಲಾಟುಗಳಲ್ಲಿ ಮನೆಮನೆಗೂ ಗೇಟು, ಗೇಟುಗಳೆಲ್ಲ ಮುಚ್ಚಿದವು. ಮದುವೆಯಾಗಿ ಬಂದಾಗಿನಿಂದ ಅವಳ ಗೇಟು ತೆಗೆದವನು ಹಾಲಿನವನೊಬ್ಬನೇ. ಅವನೂ ಈಚೆಗೆ ಪಾಕೀಟನ್ನು ಸಂದಿಯಲ್ಲಿ ತೂರಿಸಿ ಹೋಗುತ್ತಿದ್ದ. ಒಮ್ಮೊಮ್ಮೆ ಟೀವಿಯಲ್ಲಿ ಯಾರೋ ಕೇಳಿದ ಪ್ರಶ್ನೆಗೆ ತಾನೇ ಉತ್ತರ ಕೊಟ್ಟು, ತನ್ನ ದನಿಗೆ ತಾನೇ ಬೆಚ್ಚುತ್ತಿದ್ದಳು. ನಿಂಬೆಗಿಡವಿದ್ದರೆ ಒಂದು ಕಾಯಿಗಾದರೂ ಯಾರಾದರೂ ಬಂದಾರು. ಆದರೆ ಇದನ್ನು ಗಂಡನೆದುರು ಹೇಗೆ ಹೇಳುವುದು?

“ಉಪ್ಪಿನಕಾಯಿ ಹಾಕಾಕ ಬರ್ತೈತ್ರಿ,” ಎಂದಳು ಮೆಲ್ಲಗೆ.

“ನಾವಿಬ್ಬರು ಎಷ್ಟ ಉಪ್ಪಿನಕಾಯಿ ತಿಂತೀವಿ? ಮುಳ್ಳು, ಎಲಿ ತಿನ್ನೂ ಹುಳಾ. ಅದರ ಮ್ಯಾಲ ಓಣಿ ಮಂದಿ ಬ್ಯಾರೆ.”

ಸೈದಾಬಿ ಸುಮಂಗಲಾಳ ಮುಖ ನೋಡಿದಳು. ಪಾಪ, ಹುಡುಗಿ ಆಸೆಪಟ್ಟಿದ್ದಾಳೆ ಅನ್ನಿಸಿರಬೇಕು. “ಮಂದಿಗ್ಯಾಕ ಅಂಜತೀರಿ ಸಾಹೇಬ್ರ? ಇದು ಇಂಡಿ ಐತಿ. ಇಲ್ಲಿ ಲಿಂಬಿಕಾಯಿ ಬೇಡ್ಕೊಂತ ಯಾರ ಬರ್ತಾರ? ಎಲ್ಲಾರ ಬಳಗದಾಗೂ ಲಿಂಬಿ ತ್ವಾಟ ಐತಿ, ಚೀಲಗಟ್ಟಲೆ ತಂದು ಚೆಲ್ಲಿ ಹೋಗ್ತಾರ. ನಮ್ಮನಿ ಗಿಡದ್ದು ಉದುರಿ ಕೊಳ್ಯಾಕತ್ತಾವು, ಒಂದ ಕೂಸ ಸುದ್ದಾ ಎತ್ತೂದಿಲ್ಲ. ನಿಮ್ಮ ಗೇಟ ಯಾರೂ ಬಡಿಯೂದಿಲ್ಲ, ನಾ ಹೇಳ್ತೇನಿ.”

ಸಿದ್ಧರಾಮನ ಮುಖ ಸಡಿಲವಾಯಿತು. “ಹಂಗಂತೀರಿ? ಹಂಗಿದ್ರ ಲಿಂಬೀನ ಆಗ್ಲಿ ತಗೋ. ಆಕಿಗೂ ಸಮಾಧಾನ.”

ಗೆದ್ದೆ ನೋಡು ಎಂಬಂತೆ ಕಣ್ಣು ಮಿಟುಕಿಸಿ ಸೈದಾಬಿ ಸಸಿಯನ್ನೆತ್ತಿ ಮುಂದೆ ಹಿಡಿದಳು. ಸುಮಂಗಲಾ ಕೈ ಚಾಚಲಿಲ್ಲ.

“ಈ ಪೈನ್... ಈ ಊರಾಗ ಮತ್ಯಾರ ಮನ್ಯಾಗರೆ ಐತೇನ್ರಿ?”

“ಎಲ್ಲೀದ ತಂಗಿ! ತರಿಸಿದ್ದ ಇದೊಂದು. ಬಂದೋರೆಲ್ಲ ಇದೇನು, ಇದೆಂಥಾದ್ದು ಅಂತ ಕೇಳಿ ಕೇಳಿ ನನ್ನ ತಲಿ ತಿಂತಾರ. ಒಯ್ಯೋರು ಮಾತ್ರ ಯಾರಿಲ್ಲ.”

“ಇದನ್ನ ಕೊಡ್ರಿ,” ಎಂದಳು ಸುಮಂಗಲಾ, ಪೈನ್ ಕುಂಡದ ಮೇಲೆ ಕೈಯಿಟ್ಟು. ಅವಳ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ಸೈದಾಬಿಗೆ ಆಶ್ಚರ್ಯವಾಯಿತು. ಸಿದ್ಧರಾಮನಂತೂ ಬೈಕಿನ ಮೇಲೆ ದಾರಿಯುದ್ದಕ್ಕೂ, “ಕಡೀಕ ನನ್ನ ಮಾತಿಗೇ ಬಂದಿ!” ಎಂದು ನಗುತ್ತಲೇ ಇದ್ದ. ಅವಳು ಮಡಿಲಲ್ಲಿ ಕುಂಡ ಹಿಡಿದು ಕೂತಿದ್ದಳು.

ಅದನ್ನು ಗೇಟಿನ ಪಕ್ಕದಲ್ಲೇ, ರಸ್ತೆಗೆ ಕಾಣುವಂತೆ ನೆಡಿಸಿದಳು. ಸೋಮವಾರ ಗಂಡ ಆಲಮಟ್ಟಿಯ ಬಸ್ಸು ಹತ್ತಿದ ಮೇಲೆ ಅಂಗಳ ಗುಡಿಸಿ, ಒಳ್ಳೆಯ ಸೀರೆಯುಟ್ಟು, ಮೆಂತ್ಯೆಪಲ್ಲೆಯ ಎಲೆ ಬಿಡಿಸುತ್ತ ಮೆಟ್ಟಿಲ ಮೇಲೆ ಕೂತಳು. ಇದೇನೆಂದು ಯಾರಾದರೂ ಕೇಳಿದರೆ ಕೊಡುವ ಉತ್ತರ ಮನಸ್ಸಿನಲ್ಲೇ ಸಿದ್ಧವಾಗಿತ್ತು: ‘ಪೈನ್ ಅಂತಾರ್ರಿ. ಥಂಡಿ ಸೀಮಿ ಗಿಡ. ಒಳಗ ಬಂದ ನೋಡ್ರಲ್ಲ. ಒಂದೀಟ ಚಾ ಕುಡ್ಯೂಣು.’ ಮೊದಲ ಸಲಕ್ಕೇ ಚಹಾ ಎಂದರೆ ಅತಿಯಾದೀತೆಂದು ಆ ಮಾತನ್ನು ತೆಗೆದುಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸೇರಿಸಿಕೊಂಡಳು.

ಸಂಜೆ ಎದುರು ಮನೆಯಾಕೆ ಕಾಯಿಪಲ್ಲೆಯ ಚೀಲ ಹಿಡಿದು ಬಂದವಳು ಗಿಡ ಕಂಡು ನಿಂತಳು. ಬಗ್ಗಿ ನೋಡಿದಳು. ಎಲೆ ಮುಟ್ಟಿ, ಚುಚ್ಚಿತೇನೋ, ಬೆರಳು ಹಿಂದಕ್ಕೆಳೆದುಕೊಂಡಳು. ಸುಮಂಗಲಾ ಎದ್ದು, ಸೀರೆ ಕೊಡವಿ, ಅವಸರವಾಗಿ ಬಂದು ಗಿಡದ ಪಕ್ಕ ನಿಂತಳು. ಆಕೆ ನಕ್ಕಳು. ಸುಮಂಗಲಾ ಬಾಯಿ ತೆರೆದಳು.

ಅಷ್ಟರಲ್ಲಿ ಆಕೆ ಪರ್ಸಿನಿಂದ ಫೋನು ತೆಗೆದು ಗಿಡದ ಕಡೆ ಹಿಡಿದಿದ್ದಳು.

“ಅಕ್ಕಾ, ತುಸು ಆ ಕಡೆ ಸರೀರಿ. ನೀವು ಅಡ್ಡ ನಿಂತ್ರ ಫೋನು ಗಿಡದ ಹೆಸರ ತೋರ್ಸೂದಿಲ್ಲ.”

ಸುಮಂಗಲಾ ಸರಿದು ನಿಂತಳು.